ಕಾರಿಗೆ ಉಡಿ ತುಂಬಿದ್ದು

ಮದುವೆಮನೆಯಲ್ಲಿ ನನ್ನ ಪಕ್ಕ ಕುಳಿತವರಿಗೆ ಒಮ್ಮೊಮ್ಮೆ ಗ್ಯಾರೇಜಿನ ವಾಸನೆ ಬರುತ್ತದೆ. ಅವರು ಮೂಗು ಅರಳಿಸಿ ಅತ್ತಿತ್ತ ನೋಡುತ್ತಾರೆ, ಯಾರದೋ ಮೋಟರ್ ಸೈಕಲ್ಲು ಬಾಗಿಲಲ್ಲೇ ನಿಂತಿರಬೇಕು ಅಂದುಕೊಳ್ಳುತ್ತಾರೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತೇನೆ. ವಾಸನೆ ಬರುವುದು ನನ್ನ ಸೀರೆಯಿಂದಲೇ. ಕಪಾಟಿನಲ್ಲಿ ನನ್ನ ಒಳ್ಳೆಯ ಇಳಕಲ್ ಸೀರೆಗಳ ನಡುವೆ ಒಂದು ಚಿಕ್ಕ ಗಂಟು ಇಟ್ಟುಕೊಂಡಿದ್ದೇನೆ. ಒಂದು ಕಾಲಕ್ಕೆ ಅದು ಕುಂಕುಮದ ಬಣ್ಣದ ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ. ಈಗ ಡಾಂಬರಿನ ಬಣ್ಣಕ್ಕೆ ತಿರುಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಎಷ್ಟು ಸುತ್ತಿಟ್ಟರೂ ಎಣ್ಣೆಯ ವಾಸನೆ ಹೊರಗೆ ಬಂದೇ ಬರುತ್ತದೆ. "ಅವ್ವಾ, ಆ ಅರಬಿ ಇನ್ನರ ಚೆಲ್ಲಿಬಿಡಬಾರದ?" ಎಂದು ಮಗಳು ಹತ್ತು ಸಲ ಹೇಳಿದ್ದಾಳೆ. ಚೆಲ್ಲಲು ಅದೇನು ಸಾಮಾನ್ಯ ಅರಿವೆಯೇ? ಜಗತ್ತಿನಲ್ಲಿ ಪವರ್ ಸ್ಟಿಯರಿಂಗನ್ನು ಕೆಡಿಸಿದ ಏಕೈಕ ಖಣ ಅದು. ಅಲ್ಲ ಎಂದು ಸಾಧಿಸುವವರಿದ್ದರೆ ಬರಲಿ, ಚಹಾ ಕುಡಿಸಿ ಕಳಿಸುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಬಡಿದ ರೊಟ್ಟಿ ಹಂಚು ಮುಟ್ಟುವ ಮೊದಲೇ ಎರಡಾಗಿರುತ್ತದೆ. ಹಪ್ಪಳ, ಸಂಡಿಗೆಯ ವಿಷಯ ಎತ್ತಲೇಬೇಡಿ. ಆದರೆ ನಿಮ್ಮ ಗಾಡಿ ಯಾಕೆ ನರಳುತ್ತಿದೆ ಎಂದು ಕೇಳಿ, ಹೇಳುತ್ತೇನೆ. ಅದು ನನಗೆ ತವರಿನಿಂದ ಬಂದ ಬಳುವಳಿ.

ನಮ್ಮಪ್ಪ ಬಾದಾಮಿಯಲ್ಲಿ ಜೀಪು ಓಡಿಸುತ್ತಿದ್ದ. ಸ್ಟೇಶನ್ನಿನಿಂದ ಊರಿಗೆ, ಊರಿನಿಂದ ಮಹಾಕೂಟಕ್ಕೆ, ಮತ್ತೆ ಅಲ್ಲಿಂದ ಊರಿಗೆ. ಮಹಾಕೂಟದ ಹೊಂಡದಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲೇ ಬಂದು ಜೀಪು ಹತ್ತುತ್ತಿದ್ದರು. ಹೀಗಾಗಿ ಬಾದಾಮಿಯ ಬಂಡೆಗಳು ಸುಡುವ ಬೇಸಿಗೆಯಲ್ಲೂ ನಮ್ಮ ಜೀಪಿನ ಸೀಟು ಒಣಗಿದ್ದನ್ನು ನಾನು ಕಂಡಿಲ್ಲ. ಸಾಲಿ ಸೂಟಿಯಲ್ಲಿ ಆ ಒದ್ದೆ ಸೀಟಿನ ಮೂಲೆಯಲ್ಲಿ ಕೂತು, ವಿಭೂತಿ, ಒಡೆದ ತೆಂಗಿನಕಾಯಿ, ಡೀಸೆಲ್ಲು ಮೂರೂ ಕೂಡಿದ ವಾಸನೆ ಕುಡಿಯುತ್ತ ಬೆಳೆದೆ. ಗಾಡಿಯ ವಾಸನೆಗೆ ವಾಂತಿ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಅಯ್ಯೋ ಪಾಪ ಅನಿಸುತ್ತದೆ.

ಜೀಪು ಕೆಟ್ಟರೆ ಅಪ್ಪ ಎದ್ದು ಬಿದ್ದು ಮಿಸ್ತ್ರಿಯ ಹತ್ತಿರ ಓಡುತ್ತಿರಲಿಲ್ಲ. ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಬೀಡಿ ಹಚ್ಚಿ, ಅವನದೊಂದು ಮಂತ್ರ ಹೇಳುತ್ತಿದ್ದ: "ಮೊದಲ ಗಾಳಿ, ಆಮ್ಯಾಲ ಎಣ್ಣಿ, ಆಮ್ಯಾಲ ಪಟ್ಟಾ, ಕಡೀಕ ಕಿಸೆ." ಗಾಲಿಯ ಗಾಳಿ ನೋಡಬೇಕು. ಅದು ನೆಟ್ಟಗಿದ್ದರೆ ಎಣ್ಣೆ ನೋಡಬೇಕು. ಅದೂ ಸರಿ ಇದ್ದರೆ ಎಂಜಿನ್ನಿನ ಪಟ್ಟಾ, ಅಂದರೆ ಬೆಲ್ಟು, ಒತ್ತಿ ನೋಡಬೇಕು. ಮೂರೂ ಆದ ಮೇಲಷ್ಟೇ ಕಿಸೆಗೆ ಕೈ ಹಾಕಿ ಮಿಸ್ತ್ರಿಯ ಹತ್ತಿರ ಹೋಗಬೇಕು. ಮನುಷ್ಯರಿಗೂ ಇದೇ ಕ್ರಮ ಎಂಬುದು ಅವನ ಸಿದ್ಧಾಂತ. ನಮಗೆ ಹೊಟ್ಟೆ ನೋವು ಬಂದರೆ ಮೊದಲು ಗಾಳಿಗೆಂದು ಓಣಿಯಲ್ಲಿ ಅಡ್ಡಾಡಿಸುತ್ತಿದ್ದ, ಆಮೇಲೆ ಹರಳೆಣ್ಣೆ ಕುಡಿಸುತ್ತಿದ್ದ, ಆಮೇಲೆ ಲಂಗದ ಲಾಡಿ ಸಡಿಲಿಸುತ್ತಿದ್ದ, ದವಾಖಾನಿ ಕಟ್ಟಕಡೆಗೆ. ಹರಳೆಣ್ಣೆಯ ಬಾಟ್ಲಿ ಹೊರಗೆ ಬರುವ ಹೊತ್ತಿಗೇ ನಾವು ಮಕ್ಕಳು ಗುಣವಾಗಿರುತ್ತಿದ್ದೆವು.

ಜೀಪು ಓಡಿಸುವುದನ್ನೂ ಅವನೇ ಕಲಿಸಿದ. ಹಾಗೆ ಲೈಸೆನ್ಸು ಮತ್ತು ಹರಿದ ರೊಟ್ಟಿಗಳ ಸಮೇತ ನಾನು ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ನಮ್ಮದು ಸೀರೆಯ ಮನೆತನ. ಮಾವನವರು ಅಂಗಡಿಯಲ್ಲಿ ಗಾದಿಯ ಮೇಲೆ ಕೂಡುವವರು. ನನ್ನ ಗಂಡನಿಗೆ ಲೆಕ್ಕ ಬರುತ್ತದೆ, ಕ್ಲಚ್ಚು ಬರುವುದಿಲ್ಲ. ಹಿತ್ತಲಿನ ಪವರ್‌ಲೂಮುಗಳು ಗಂಡನ ಅಣ್ಣ, ಅಂದರೆ ನಮ್ಮ ಭಾವನವರ ಕೈಯಲ್ಲಿ. ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಅವರು ದಿನಾ ಮುಂಜಾನೆ ಕೂಗುವ ಒಂದು ಮಾತು ಇಡೀ ಓಣಿಗೆ ಬಾಯಿಪಾಠ: "ತಿರಗೂ ಗಾಲಿ ಹತ್ರ ಸೆರಗು ಬಿಟ್ಕೊಂಡು ಬರಬ್ಯಾಡ್ರಿ! ಎಳಿ ಸಿಕ್ಕರ ಗಾಲಿ ಯಾರ ಅಪ್ಪನ ಮಾತೂ ಕೇಳೂದಿಲ್ಲ!" ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವರೆಲ್ಲರ ಮೇಲೆ ನಮ್ಮ ಅತ್ತೆ. ಅವರಿಲ್ಲದೆ ನಾನೂ ಭಾವನವರೂ ಮಾತಾಡುವ ಹಾಗೇ ಇರಲಿಲ್ಲ. ಭಾವ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡಬಾರದು, ಅವಳೂ ಅವರೊಡನೆ ಮಾತಾಡಬಾರದು ಎಂಬುದು ಆ ಮನೆಯ ರಿವಾಜು. ಮಾತೆಲ್ಲ ಅತ್ತೆಯ ಮುಖಾಂತರವೇ ಹೋಗಬೇಕು, ಬರಬೇಕು. ಭಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಆಕಿಗೆ ಹೇಳು, ಚಹಾಕ್ಕ ಸಕ್ಕರಿ ಕಡಿಮಿ ಹಾಕಂತ," ಎನ್ನುವರು. ನಾನು ಅಲ್ಲೇ ಒಲೆಯ ಮುಂದೆ ಕೂತು, "ಅತ್ತೀ, ಸಕ್ಕರಿ ಇನ್ನೂ ಹಾಕೇ ಇಲ್ಲಂತ ಹೇಳ್ರಿ," ಎನ್ನುವೆ. ನಡುವೆ ಕೂತ ಅತ್ತೆ ಎರಡೂ ಮಾತನ್ನು ಅಕ್ಷರ ಬಿಡದೆ ಈ ಕಡೆಯಿಂದ ಆ ಕಡೆಗೆ ದಾಟಿಸುವರು.

ಎರಡು ಸಾವಿರದ ಇಸವಿಯ ಆಚೀಚೆ, ಒಂದು ದಸರೆಗೆ ನಮ್ಮ ಮನೆಗೆ ಕಾರು ಬಂತು. ಬಾಗಲಕೋಟೆಯ ಡಾಕ್ಟರೊಬ್ಬರು ಓಡಿಸಿ ಬಿಟ್ಟದ್ದು, ಬಿಳಿಯ ಬಣ್ಣ, ಪವರ್ ಸ್ಟಿಯರಿಂಗ್. ಆಗ ಅದು ದೊಡ್ಡ ಮಾತು. ಅಲ್ಲಿಯ ತನಕ ಭಾವ ಓಡಿಸುತ್ತಿದ್ದ ಹಳೆಯ ಜೀಪನ್ನು ತಿರುಗಿಸಬೇಕಾದರೆ ಎರಡು ರೊಟ್ಟಿ ಹೆಚ್ಚು ತಿಂದಿರಬೇಕಿತ್ತು. ಈ ಕಾರಿನ ಸ್ಟಿಯರಿಂಗನ್ನು ಓಣಿಯ ಮಂದಿಯೆಲ್ಲ ಬಂದು ಒಂದೇ ಬೆರಳಲ್ಲಿ ತಿರುಗಿಸಿ ನೋಡಿ, ಬೆರಳನ್ನೂ ಒಮ್ಮೆ ನೋಡಿಕೊಂಡು ಹೋದರು.

ಖಂಡೇ ಪೂಜೆ, ಅಂದರೆ ಆಯುಧಪೂಜೆಯ ದಿನ ಕಾರಿಗೆ ನಿಂಬೆಹಣ್ಣು, ಕುಂಕುಮ ಎಲ್ಲ ಆಯಿತು. ಅತ್ತೆಗೆ ಸಮಾಧಾನವಾಗಲಿಲ್ಲ. "ಹೊಸ್ತಿಲಾ ದಾಟಿ ಬಂದಾಕಿ ಆಕಿ, ಲಕ್ಷ್ಮಿ. ಉಡಿ ತುಂಬಲಾರದ ಬಿಡ್ತಾರೇನ?" ಎಂದರು. ಮುತ್ತೈದೆಯ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಖಣ ಹಾಕಿ ಉಡಿ ತುಂಬುವುದು ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳಿಗೆ ಮಾಡುವ ಮರ್ಯಾದೆ. ಆ ಮರ್ಯಾದೆ ಕಾರಿಗೂ ಸಲ್ಲಬೇಕು, ಸರಿ. ಆದರೆ ಕಾರಿಗೆ ಉಡಿ ಎಲ್ಲಿದೆ? ನನ್ನ ಗಂಡ ಬಾಯಿ ತಪ್ಪಿ, "ಡಿಕ್ಕ್ಯಾಗ ಇಡೂಣ," ಎಂದರು.

"ಡಿಕ್ಕಿ ಹಿಂದ ಇರತೈತಿ. ಬೆನ್ನಿಗೆ ಯಾರರ ಉಡಿ ತುಂಬ್ತಾರೇನೋ ಖೋಡಿ!" ಎಂದು ಅತ್ತೆ ಗದರಿದರು.

ಕಡೆಗೆ ಭಾವನವರೇ ಬಾನೆಟ್ ಎತ್ತಿದರು. ಅಕ್ಕಿ, ತೆಂಗಿನಕಾಯಿ ಸೀಟಿನ ಮೇಲಾಯಿತು. ಆಗಷ್ಟೇ ಥಾನಿನಿಂದ ಕತ್ತರಿಸಿದ ಖಣದಲ್ಲಿ ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ ಇಟ್ಟು ಅತ್ತೆ ಗಂಟು ಮಾಡಿಕೊಟ್ಟರು. ಭಾವ ಅದನ್ನು ಬಾನೆಟ್ಟಿನೊಳಗೆ ಬಗ್ಗಿ ಎಲ್ಲೋ ಕಟ್ಟಿದರು. ನಾನು ಆರತಿಯ ತಾಟು ಹಿಡಿದು ಹಿಂದೆ ನಿಂತಿದ್ದೆ. ನನಗೆ ಕಂಡದ್ದು ಅವರ ಬೆನ್ನು ಮಾತ್ರ.

ಇನ್ನು ಕಾರು ಓಡಿಸುವವರು ಯಾರು? ಭಾವನವರಿಗೆ ಮಗ್ಗ ಬಿಟ್ಟು ಬರಲಾಗದು. ಅತ್ತೆಯೇ ತೀರ್ಮಾನ ಮಾಡಿದರು: "ಸೀರಿ ಉಡೂದು ಹೆಣ್ಮಕ್ಕಳು. ಗಂಡಸರು ಹೋಗಿ ಏನ್ ತೋರಸ್ತಾರ? ನೀಲವ್ವ ಹೊಡೀಲಿ ಗಾಡಿ." ನೀಲವ್ವ ಅಂದರೆ ನಾನು. ಅಂದಿನಿಂದ ಹುನಗುಂದ, ಗುಡೂರು, ಬಾದಾಮಿ, ಬಾಗಲಕೋಟೆ ಎಂದು ಅಂಗಡಿಗಳಿಗೂ ಮದುವೆಮನೆಗಳಿಗೂ ಸೀರೆ ಒಯ್ಯುವುದು ನನ್ನ ಕೆಲಸವಾಯಿತು. ಹಿಂದಿನ ಸೀಟಿನ ತುಂಬ ಸೀರೆಯ ಗಂಟು, ಮುಂದಿನ ಸೀಟಿನಲ್ಲಿ ಎಲೆ ಅಡಿಕೆ ಚಂಚಿಯ ಸಮೇತ ಅತ್ತೆ. ಯಾವ ದಾರಿ ಹಿಡಿಯಬೇಕು, ಎಲ್ಲಿ ನಿಲ್ಲಿಸಿ ಮಂಡಕ್ಕಿ ಮಿರ್ಚಿ ತಿನ್ನಬೇಕು ಎಂದು ನಾನೇ ಠರಾಯಿಸುತ್ತಿದ್ದೆ. ಬಾದಾಮಿಗೆ ಹೋದಾಗ ಅಪ್ಪ ಹೊರಗೆ ಬಂದು ಗಾಲಿ ಒತ್ತಿ ನೋಡಿ, "ಗಾಳಿ ಬರೋಬ್ಬರಿ ಐತಿ," ಎಂದು ಸರ್ಟಿಫಿಕೇಟು ಕೊಡುತ್ತಿದ್ದ. ಸುಳ್ಳು ಯಾಕೆ ಹೇಳಲಿ, ನನ್ನ ಸಂಸಾರದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ.

ಬೇಸಿಗೆಯಲ್ಲಿ ಕಾರು ದನಿ ಬದಲಿಸಿತು. ಮೊದಮೊದಲು ಮುಂಜಾನೆ ಚಾಲೂ ಮಾಡಿ ತಿರುಗಿಸುವಾಗ ಮಾತ್ರ 'ಕೀಂ' ಎಂದು ಒದರುತ್ತಿತ್ತು. ಆಮೇಲೆ ಸ್ಟಿಯರಿಂಗ್ ಬಿಗಿಯಾಗತೊಡಗಿತು. ಜೋರಾಗಿ ಹೋಗುವಾಗ ಏನೂ ಇಲ್ಲ. ನಿಧಾನ ಮಾಡಿ ತಿರುಗಿಸಿದರೆ ಮಾತ್ರ ಹಟಮಾರಿ ಎತ್ತಿನ ಹಾಗೆ ನಿಲ್ಲುತ್ತಿತ್ತು. ನಾನು ಅತ್ತೆಗೆ ಹೇಳಿದೆ, ಅತ್ತೆ ಭಾವನವರಿಗೆ ಹೇಳಿದರು. "ಕೈ ಸೋತಿರಬೇಕು, ಹಾಲು ತುಪ್ಪಾ ತಿನ್ನಂತ ಹೇಳು," ಎಂದು ಉತ್ತರ ಬಂತು.

ಅದೇ ವಾರ ಗುಡೂರಿನ ಸಂತೆಯಲ್ಲಿ ನನ್ನ ಮಾನ ಹೋಯಿತು. ಕಾರನ್ನು ಹೊಳ್ಳಿಸಿಕೊಳ್ಳಬೇಕೆಂದು ಪೂರಾ ತಿರುಗಿಸಿದೆ. 'ಕೀಂ' ಎಂದಿತು, ಸ್ಟಿಯರಿಂಗ್ ಅರ್ಧಕ್ಕೇ ನಿಂತಿತು. ನಾನು ಬ್ರೇಕ್ ಒತ್ತುವಷ್ಟರಲ್ಲಿ ಕಾರು ನೆಟ್ಟಗೆ ಹೋಗಿ ಕಸಬರಿಗೆ ಮಾರುವವಳ ಗುಡ್ಡೆಯ ಮೇಲೆ ಮೂತಿಯಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಕೆಯ ಬಾಯಿ! "ಏನವಾ, ಕಸಬರಗಿ ಕೂಡ ಲಗ್ನಾ ಮಾಡ್ಕೊಳ್ಳಾಕ ಬಂದೀಯೇನ? ಹೊಡ್ಯಾಕ ಬರಲಿಲ್ಲಂದ್ರ ಮನ್ಯಾಗ ಕುಂದರಬೇಕು!" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದಳು. ಅತ್ತೆ ಅಂಜಿ, ಚಂಚಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು.

ನಾನು ಮನೆಗೆ ಬಂದು, ದೋಷ ನನ್ನ ಕೈಯದಲ್ಲ, ಕಾರಿನದು ಎಂದೆ. ಭಾವ ಊಟದ ತಾಟಿನಿಂದ ತಲೆ ಎತ್ತದೆ, "ಅವ್ವಾ, ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದರು. ಗಾಡಿ ಹೊಡೆಯಲು ಕಸುವು ಬೇಕು, ಗಂಡಸರ ಕೈ ಬೇಕು, ಮುಂದಿನ ತಿಂಗಳಿಂದ ಒಬ್ಬ ಡ್ರೈವರನನ್ನು ಇಡೋಣ ಎಂದೂ ಸೇರಿಸಿದರು. ಅತ್ತೆ ಕೈ ಚಾಚಿ ನನ್ನಿಂದ ಕಾರಿನ ಕೀಲಿ ಇಸಿದುಕೊಂಡು, ಟಿಜೋರಿ, ಉಗ್ರಾಣದ ಕೀಲಿಗಳ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ದಿನ ಸಿಟ್ಟಿನಲ್ಲಿ ಬಡಿದ ರೊಟ್ಟಿ ಒಂದೂ ಹರಿಯಲಿಲ್ಲ. ಭಾವ ಎರಡು ಹೆಚ್ಚು ಹಾಕಿಸಿಕೊಂಡು ತಿಂದರು. ಒಂದು ಗಳಿಗೆ ನನಗೇ ನನ್ನ ಕೈಯ ಮೇಲೆ ಅನುಮಾನ ಬಂದದ್ದೂ ಖರೆ. ಹಿತ್ತಲಿಗೆ ಹೋಗಿ ತುಂಬಿದ ಕೊಡ ಎತ್ತಿ ನೋಡಿದೆ. ಎರಡೂ ಕೈಗೆ ಒಂದೊಂದು ಎತ್ತಿ ನೋಡಿದೆ. ಕೈ ನೆಟ್ಟಗಿದ್ದವು. ಹಾಗಾದರೆ ನೆಲವೇ ಡೊಂಕು, ಅದನ್ನು ತೋರಿಸದೆ ಬಿಡಬಾರದು ಎಂದುಕೊಂಡೆ.

ತೋರಿಸುವ ಕಾಲ ಬಾಗಲಕೋಟೆಯಲ್ಲಿ ಬಂತು. ಮದುವೆಯ ಮನೆಯೊಂದಕ್ಕೆ ಸೀರೆ ತೋರಿಸಬೇಕಿತ್ತು. ಡ್ರೈವರ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಅಂದು ಮಗ್ಗ ಬಿಟ್ಟು ಬಂದ ಭಾವನವರ ಕೈಯಲ್ಲಿ ಕಾರು, ಅತ್ತೆ ಮುಂದೆ, ನಾನು ಹಿಂದೆ ಸೀರೆಯ ಗಂಟಿನ ಜೊತೆ. ಶಿರೂರು ದಾಟುವ ತನಕ ನೆಟ್ಟನೆಯ ದಾರಿ, ಭಾವ ಏನೋ ಗುನುಗುತ್ತಿದ್ದರು. ಆದರೆ ಮದುವೆಯ ಮನೆ ಇದ್ದದ್ದು ನವನಗರದಲ್ಲಿ. ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಮಂದಿ ಆಗ ಅಲ್ಲಿಗೆ ಬಂದು ಮನೆ ಮಾಡಿದ್ದರು. ಎಲ್ಲ ರಸ್ತೆಯೂ ಒಂದೇ ಥರ, ಎಲ್ಲ ಸೆಕ್ಟರೂ ಒಂದೇ ಥರ. ಮನೆ ಹುಡುಕುವವನು ತಿರುಗಿದ್ದೇ ತಿರುಗಿದ್ದು. ಪ್ರತಿ ತಿರುವಿಗೂ ಕಾರು ಕೀಂ ಎನ್ನುತ್ತಿತ್ತು. ಭಾವನವರ ಅಂಗಿ ಬೆನ್ನಿಗೆ ಅಂಟಿತ್ತು.

"ಅತ್ತೀ, ಸ್ಟಿಯರಿಂಗ್ ಭಾರ ಐತೇನಂತ ಕೇಳ್ರಿ," ಎಂದೆ.

"ಭಾರ ಐತೇನಪಾ?" ಎಂದರು ಅತ್ತೆ.

"ಇಲ್ಲಂತ ಹೇಳವಾ. ಬೆಣ್ಯಾಗ ಕೈ ಆಡ್ಸಿದಂಗ ಐತಿ."

"ಮತ್ತ ಯಾಕ ಬೆವರಾಕತ್ತಾರಂತ ಕೇಳ್ರಿ."

"ಯಾಕ ಬೆವರಾಕತ್ತೀಯೋ?"

"ಬ್ಯಾಸಗಿ ಐತಿ ಅಂತ ಹೇಳು."

"ಬ್ಯಾಸಗಿ ತಿರುವಿನ್ಯಾಗ ಅಷ್ಟ ಬರತೈತೇನಂತ ಕೇಳ್ರಿ."

ಅತ್ತೆ ಚಂಚಿಯ ಬಾಯಿ ಎಳೆದು ಕಟ್ಟಿದರು. "ನಾ ಕೇಳೂದಿಲ್ಲ. ನನಗೂ ಕಿವಿ ಅದಾವ. ಈ ಗಾಡಿ ಒದರೂದು ನನಗೂ ಕೇಳಸ್ತೈತಿ."

ಅಷ್ಟರಲ್ಲಿ ಮುಂದೆ ರಸ್ತೆ ಮುಗಿಯಿತು. ಅಲ್ಲಿ ಕಾರನ್ನು ಹೊಳ್ಳಿಸಿಕೊಳ್ಳಲೇಬೇಕು. ಭಾವ ಹಲ್ಲು ಕಚ್ಚಿ ತಿರುಗಿಸಿದರು, ಹಿಂದೆ ಬಂದರು, ಮತ್ತೆ ತಿರುಗಿಸಿದರು. ಕಾರು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಹಿಂದಿನಿಂದ ಒಂದು ಆಟೋ ಹಾರ್ನು ಹಾಕತೊಡಗಿತು. ಭಾವ ಎರಡೂ ಕೈ ಬಿಟ್ಟರು, ಹಣೆ ಒರೆಸಿಕೊಂಡರು, ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನೀಲವ್ವಾ, ಇದಕ್ಕೇನ್ ಆಗೈತಿ ನೋಡು," ಎಂದರು.

ಮದುವೆಯಾಗಿ ಬಂದ ಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅತ್ತೆ ಬಾಯಿ ತೆರೆದು ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು. ನನಗೆ ಬಂದ ಧೈರ್ಯ ಕೇಳಬೇಡಿ.

"ಎಂಜಿನ್ ಬಂದ್ ಮಾಡಿ ತಿರುವ್ರಿ," ಎಂದೆ. ತಿರುಗಿಸಿದರು. "ಈಗ ಚಾಲೂ ಮಾಡಿ ತಿರುವ್ರಿ. ಫರಕ್ ಏನರ ಐತೇನ್ರಿ?"

"ಏನೂ ಇಲ್ಲ. ಎರಡೂ ಅಷ್ಟ ಭಾರ," ಎಂದರು. ಬೆಣ್ಣೆಯ ಮಾತು ಅವರಿಗೆ ಮರೆತುಹೋಗಿತ್ತು.

"ಹಂಗಾರ ಕೈಗೆ ಆಸರಾಗಾಕ ಇಟ್ಟ ಪಂಪು ಕೆಲಸಾ ಮಾಡವಲ್ದ್ರಿ. ಪಟ್ಟಾ ಪಂಪನ್ನ ತಿರಗಸ್ಬೇಕು, ಪಂಪು ಎಣ್ಣಿ ಒತ್ತಬೇಕು, ಎಣ್ಣಿ ಗಾಲಿ ಹೊಳ್ಳಾಕ ಬಲಾ ಕೊಡಬೇಕು. ಈ ಮೂರ್ರಾಗ ಎಲ್ಲೋ ಎಳಿ ಕಡದೈತಿ."

ಮಗ್ಗದವರಿಗೆ ಎಳೆ ಕಡಿದದ್ದು ಎಂದರೆ ಥಟ್ಟನೆ ತಿಳಿಯುತ್ತದೆ. ಭಾವ ಗೋಣು ಹಾಕಿದರು. ಹೇಗೋ ಕಾರು ಬದಿಗೆ ತಂದೆವು. ಅಪ್ಪನ ಮಂತ್ರ ಹಿಡಿದೆ. ಮೊದಲ ಗಾಳಿ: ಪೆಟ್ರೋಲ್ ಪಂಪಿನಲ್ಲಿ ನೋಡಿಸಿದೆ, ಸರಿ ಇತ್ತು. ಆಮ್ಯಾಲ ಎಣ್ಣಿ: ಬಾನೆಟ್ ಎತ್ತಿ, ಸ್ಟಿಯರಿಂಗ್ ಎಣ್ಣೆಯ ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದೆ. ಎಣ್ಣೆ ಗೆರೆಗಿಂತ ಕೆಳಗಿತ್ತು, ಮೇಲೆ ನೊರೆ. ನೊರೆ ಇದ್ದರೆ ಒಳಗೆ ಗಾಳಿ ಸೇರಿದೆ ಎಂದು ಅರ್ಥ.

"ಮನ್ಯಾಗ ಮಗ್ಗದ ಎಣ್ಣಿ ಡಬ್ಬಿಗಟ್ಲೆ ಐತಿ. ಅದನ್ನ ಹಾಕಿದ್ರ?" ಎಂದರು ಭಾವ.

"ಮಗ್ಗಕ್ಕ ಕುಸುಬಿ ಎಣ್ಣಿ ಹಾಕ್ತೀರೇನ್ರಿ ನೀವು?" ಎಂದೆ.

ಅವರು ಜೋರಾಗಿ ನಕ್ಕರು. ಬಾಗಲಕೋಟೆಯಲ್ಲೇ ಅದರದೇ ಎಣ್ಣೆ ಕೊಂಡು ತುಂಬಿದೆವು. ಒದರುವುದು ನಿಲ್ಲಲಿಲ್ಲ. ಸೀರೆ ತೋರಿಸಿ ನಿಧಾನಕ್ಕೆ ಊರು ಮುಟ್ಟುವಷ್ಟರಲ್ಲಿ ಎಣ್ಣೆ ಮತ್ತೆ ಇಳಿದಿತ್ತು. ಎಣ್ಣೆಯನ್ನು ಯಾರೂ ಕುಡಿಯುವುದಿಲ್ಲ, ಎಲ್ಲೋ ಸೋರುತ್ತಿರಲೇಬೇಕು.

ಮರುದಿನ ಹುನಗುಂದ ರಸ್ತೆಯ ಖಾಜಾಭಾಯಿಯ ಗ್ಯಾರೇಜಿಗೆ ಹೋದೆವು. ಖಾಜಾಭಾಯಿ ಭಾವನವರ ಗೆಳೆಯ. ಕೆಲಸ ಚೊಲೊ, ಆದರೆ ಕೈಗಿಂತ ಬಾಯಿ ಮುಂದೆ. ಅತ್ತೆಯೂ ಬಂದಿದ್ದರು. ಇಷ್ಟು ದಿನ ಎರಡೂ ಕಡೆಯ ಮಾತು ಹೊತ್ತವರು ಕಡೆಯ ಮಾತು ಕೇಳದೆ ಬಿಡುತ್ತಾರೆಯೇ? ಅವರು ಒಂದು ಹಳೆಯ ಟೈರಿನ ಮೇಲೆ ಚಾದರ ಹಾಸಿಕೊಂಡು ಕೂತರು.

ಖಾಜಾಭಾಯಿ ಒಮ್ಮೆ ಚಾಲೂ ಮಾಡಿ ಕೇಳಿ, "ಅಕ್ಕಾರ, ಪಂಪ್ ಹೋಗೈತ್ರಿ. ಹೊಸಾದು ಹಾಕೂದ. ಕಣ್ಣು ಮುಚ್ಚಿ ಹೇಳ್ತೇನಿ ನಾ," ಎಂದ.

"ಕಣ್ಣು ತೆರದು ನೋಡ್ರಿ ಖಾಜಾಭಾಯಿ. ಇನ್ನೂ ಪಟ್ಟಾ ನೋಡಿಲ್ಲ," ಎಂದೆ.

ಎಂಜಿನ್ ಬಂದ್ ಮಾಡಿಸಿ ಪಂಪಿನ ಪಟ್ಟಾವನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಗಿ ಸರಿ ಇತ್ತು. ಆದರೆ ಬೆರಳಿಗೆ ಎಣ್ಣೆ ಹತ್ತಿತು. ಪಟ್ಟಾಕ್ಕೆ ಎಣ್ಣೆ ಬಿದ್ದರೆ ಅದು ಪಂಪನ್ನು ತಿರುಗಿಸುವ ಗಾಲಿಯನ್ನು ಹಿಡಿಯುವುದಿಲ್ಲ, ಜಾರುತ್ತದೆ; ಜಾರಿದಾಗಲೇ ಒದರುವುದು. ಎಣ್ಣೆ ಬರುತ್ತಿದ್ದದ್ದು ಪಂಪಿನ ಗಾಲಿಯ ಹಿಂದಿನಿಂದ. "ಇದನ್ನ ಬಿಚ್ರಿ," ಎಂದೆ. ಖಾಜಾಭಾಯಿ ಬಿಚ್ಚಿದ. ಗಾಲಿಯ ಹಿಂದೆ, ಅಚ್ಚಿನ ಸುತ್ತ, ಕಂಡಿಕೆಗೆ ನೂಲು ಸುತ್ತಿದ ಹಾಗೆ ಬಿಗಿಯಾಗಿ ಎಳೆಗಳು ಸುತ್ತಿಕೊಂಡಿದ್ದವು. ಚಿಮಟದಿಂದ ಎಳೆದ. ಕಪ್ಪು ಎಳೆಯ ಒಳಗೆ ಅಲ್ಲಲ್ಲಿ ಕೆಂಪು. ಅವು ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಕೊಯ್ದು ಹಾಕಿದ್ದವು. ಆ ಎಳೆಗಳ ಜಾಡು ಹಿಡಿದು ಪಂಪಿನ ಕೆಳಗೆ ಕೈ ಹಾಕಿದಾಗ ಒಂದು ಕರಿಯ ಗಂಟು ಬಂತು. ಗಂಟಿನಿಂದ ಅರಿಷಿಣ ಕೊಂಬು, ಅಡಿಕೆ, ಒಂದು ಉತ್ತತ್ತಿ ನೆಲಕ್ಕೆ ಬಿದ್ದವು.

ಖಾಜಾಭಾಯಿ ಉತ್ತತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ. "ಅಕ್ಕಾರ, ಇದು ಮಾತ್ರ ಕಂಪನಿಯವ್ರು ಹಾಕಿದ ಸಾಮಾನಲ್ರಿ."

ಭಾವನವರು ಆಕಾಶ ನೋಡುತ್ತಿದ್ದರು. ಅಂಚು ಮಡಚಿ ಹೊಲಿಯದ ಖಣವನ್ನು, ಎಳೆ ಬಿಟ್ಟುಕೊಂಡದ್ದನ್ನು, ತಿರುಗುವ ಗಾಲಿಯ ಪಕ್ಕದಲ್ಲೇ ಕಟ್ಟಿದ್ದರು. ಅದೂ ಯಾರು, ಮಗ್ಗದ ಬಾಗಿಲಲ್ಲಿ ದಿನಾ ಕೂಗುವವರು! ಇಂಥ ಹೊತ್ತಿನಲ್ಲಿ ನೇರವಾಗಿ ಮಾತಾಡಿದರೆ ರುಚಿ ಕೆಡುತ್ತದೆ. ನಾನು ಹಳೆಯ ರಿವಾಜಿಗೆ ಮರಳಿದೆ.

"ಅತ್ತೀ, ಭಾವಾರಿಗೆ ಹೇಳ್ರಿ, ತಿರಗೂ ಗಾಲಿ ಹತ್ರ ಸೆರಗು ಬಿಟ್ಕೊಂಡು ಬರಬಾರದಂತ. ಎಳಿ ಸಿಕ್ಕರ ಗಾಲಿ ಯಾರ ಅಪ್ಪನ ಮಾತೂ ಕೇಳೂದಿಲ್ಲಂತ."

"ಅವ್ವಾ, ಆಕಿಗೆ ಹೇಳು, ಕೇಳಿಸ್ತಂತ," ಎಂದರು ಭಾವ, ಆಕಾಶದಿಂದ ಕಣ್ಣು ತೆಗೆಯದೆ.

ಅತ್ತೆಯ ಸಂಕಟವೇ ಬೇರೆ. "ಯವ್ವಾ, ಉಡಿ ಬಿಚ್ಚಿದ್ರಲ್ಲೋ! ತುಂಬಿದ ಉಡಿ ಹೀಂಗ ಹೊರಗ ತಗೀತಾರೇನ? ಹೊಳ್ಳಿ ಅಲ್ಲೇ ಕಟ್ರಿ!" ಎಂದು ಟೈರಿನಿಂದ ಎದ್ದೇ ಬಿಟ್ಟರು. ಖಾಜಾಭಾಯಿ ಗಂಟು ಹಿಡಿದುಕೊಂಡು ಕಂಗಾಲಾಗಿ ನಿಂತ.

ನಾನು ಅವರ ಕೈ ಹಿಡಿದು ಕೂಡಿಸಿದೆ. "ಅತ್ತೀ, ನನಗ ನೀವು ಎಷ್ಟ್ ಸಲ ಉಡಿ ತುಂಬೀರಿ. ನಾ ಅದನ್ನ ಸೊಂಟಕ್ಕ ಕಟ್ಕೊಂಡ ಅಡ್ಡಾಡ್ತೇನೇನ್ರಿ? ದೇವರ ಮುಂದ ಬಿಚ್ಚಿ, ಅಕ್ಕಿ ಅನ್ನಾ ಮಾಡ್ತೇವಿ, ಖಣ ಜಂಪರ ಹೊಲಿಸ್ತೇವಿ. ಈ ಬಡವಿಗೆ ಮಾತ್ರ ದಸರಾದಿಂದ ಬಿಚ್ಚಾಕ ಬಿಟ್ಟಿಲ್ಲ. ಹೊಟ್ಟಿ ಹಿಡಕೊಂಡು ಒದರಲಾರದ ಏನ್ ಮಾಡ್ಯಾಳು?"

ಅತ್ತೆ ಕಾರಿನ ಕಡೆ ನೋಡಿದರು. "ಖರೇ ಐತಿ, ಪಾಪ," ಎಂದು ಕಣ್ಣೊರೆಸಿಕೊಂಡರು. ಆ ಖಣವನ್ನು ಖಾಜಾಭಾಯಿಯ ಕೈಯಿಂದ ಇಸಿದುಕೊಂಡು ನನ್ನ ಕೈಗೆ ಕೊಟ್ಟವರೂ ಅವರೇ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊಸ ಸೀಲು ಬಂತು. ಪಂಪಿನ ಗಾಲಿ ತೊಳೆದು, ಹೊಸ ಪಟ್ಟಾ ಹಾಕಿ, ಖಾಜಾಭಾಯಿ ಎಲ್ಲ ಜೋಡಿಸಿದ. ಪಂಪು ಬದಲಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಇನ್ನು ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಮುಂದಿನ ಗಾಲಿಗಳನ್ನು ಎತ್ತಿ ಭದ್ರವಾಗಿ ನಿಲ್ಲಿಸಿ, ಒಬ್ಬರು ಸ್ಟಿಯರಿಂಗನ್ನು ಆ ಕಡೆಗೆ, ಈ ಕಡೆಗೆ ಪೂರಾ ತಿರುಗಿಸುತ್ತಿರಬೇಕು. ಇನ್ನೊಬ್ಬರು ಎಣ್ಣೆ ಇಳಿದ ಹಾಗೆ ತುಂಬುತ್ತಿರಬೇಕು. ಎಣ್ಣೆ ನಾನು ಹಿಡಿದೆ. ಭಾವ, ಖಾಜಾಭಾಯಿ ಸೋರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ತಿರುಗಿಸಲು ಉಳಿದವರು ಅತ್ತೆ ಒಬ್ಬರೇ.

ಜನ್ಮದಲ್ಲಿ ಆ ಸೀಟಿನಲ್ಲಿ ಕೂತವರಲ್ಲ. ಸೆರಗು ಬಿಗಿದುಕೊಂಡು ಏರಿ ಕೂತು, ಚಕ್ರವನ್ನು ಎರಡೂ ಕೈಯಿಂದ ಹಿಡಿದರು. ನೊರೆ ಬಂತು, ಗುಳ್ಳೆ ಬಂತು, ಎಣ್ಣೆ ತುಂಬಿದೆ, ಮತ್ತೆ ತಿರುಗಿಸಿದರು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿದೆವು. ಒದರಲಿಲ್ಲ. ಗಾಲಿಗಳನ್ನು ನೆಲಕ್ಕಿಳಿಸಿ ಇನ್ನೊಮ್ಮೆ ತಿರುಗಿಸಿ ಎಂದೆ. ಅತ್ತೆ ತಿರುಗಿಸಿದರು, ಒಂದು ಕೈ ಬಿಟ್ಟರು, ಆಮೇಲೆ ಒಂದೇ ಬೆರಳಿನಿಂದ ತಿರುಗಿಸಿದರು.

"ಇಷ್ಟ ಹಗುರೇನ ಇದು?" ಎಂದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನನ್ನು ನೋಡಿದರು. "ಮತ್ತ ಕಸುವು ಬೇಕು, ಗಂಡಸರ ಕೈ ಬೇಕು ಅಂತಿದ್ದೆಲ್ಲೋ?"

ಭಾವ ಬಗ್ಗಿ ಗಾಲಿ ನೋಡುತ್ತಲೇ ಇದ್ದರು.

ಮರುದಿನ ಮುಂಜಾನೆ ಅತ್ತೆ ಕಾರಿನ ಮುಂದೆ ಮಣೆ ಹಾಕಿ ನನಗೆ ಕೂಡು ಎಂದರು. ಕುಂಕುಮ ಹಚ್ಚಿದರು. ನಾನು ಸೆರಗು ಚಾಚಿದೆ. ಅಕ್ಕಿ ಹಾಕಿದರು, ತೆಂಗಿನಕಾಯಿ, ಅರಿಷಿಣ ಕೊಂಬು, ಉತ್ತತ್ತಿ ಹಾಕಿದರು. ಖಣ ಇಟ್ಟರು, ಅದರ ಅಂಚಿನ ಎಳೆಗಳನ್ನು ಎಲ್ಲಿಯೂ ಒಂದು ಬಿಡದೆ ಗಂಟು ಹಾಕಿದ್ದರು. ಆಮೇಲೆ ಸೊಂಟದ ಗೊಂಚಲು ತೆಗೆದು, ಕಾರಿನ ಕೀಲಿಯನ್ನು ಬಿಚ್ಚಿ, ಅಕ್ಕಿಯ ಮೇಲಿಟ್ಟರು.

"ತಪ್ಪಿ ಗಾಡಿಗೆ ತುಂಬಿದ್ವಿ. ತುಂಬೂದಿತ್ತು ಓಡಸಾಕಿಗೆ," ಎಂದರು.

ಪಡಸಾಲೆಯಿಂದ ಭಾವನವರ ದನಿ ಬಂತು: "ನೀಲವ್ವಾ, ಡ್ರೈವರ್‌ಗೆ ಬರಬ್ಯಾಡಂತ ಹೇಳಿ ಕಳ್ಸೇನಿ." ನನ್ನ ಕಣ್ಣು ತುಂಬಿದ್ದವು.

ನಾನು ಉಡಿ ಬಿಚ್ಚಿಟ್ಟು ಬರುವಷ್ಟರಲ್ಲಿ ಅತ್ತೆ ಚಂಚಿಯ ಸಮೇತ ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ನಡಿ ಗುಡೂರಿಗೆ, ಇವತ್ತ ಸಂತಿ," ಎಂದರು. ಗುಡೂರಿನಲ್ಲಿ ನಮಗೆ ಆ ದಿನ ಯಾವ ಕೆಲಸವೂ ಇರಲಿಲ್ಲ. ಆದರೂ ಗಾಡಿ ಚಾಲೂ ಮಾಡಿದೆ.

ಕಸಬರಿಗೆಯವಳು ಅದೇ ಜಾಗದಲ್ಲಿ ಕೂತಿದ್ದಳು. ಬಿಳಿಯ ಕಾರು ಕಂಡದ್ದೇ ಗಡಬಡಿಸಿ ತನ್ನ ಗುಡ್ಡೆಯನ್ನು ಹಿಂದಕ್ಕೆ ಎಳೆದುಕೊಳ್ಳತೊಡಗಿದಳು. ನಾನು ಅವಳ ಮುಂದೆಯೇ ಕಾರು ನಿಧಾನ ಮಾಡಿ ತಿರುಗಿಸಿದೆ. ಒಂದೇ ಸುತ್ತಿಗೆ, ಒಂದು ಕಡ್ಡಿಯೂ ಅಲುಗದಂತೆ, ಸದ್ದಿಲ್ಲದೆ ಹೊಳ್ಳಿ ನಿಂತಿತು. ಅತ್ತೆ ಕಿಟಕಿಯ ಗಾಜು ಇಳಿಸಿದರು, ಅರ್ಧ ಮೈ ಹೊರಗೆ ಹಾಕಿದರು, ಇಡೀ ಸಂತೆಗೆ ಕೇಳುವಂತೆ ಕೂಗಿದರು:

"ನೋಡಿದ್ಯಾ ಏನ? ನಮ್ಮಾಕಿ ಕುಣಿಯೂದು ಬರೋಬ್ಬರಿ ಇತ್ತವಾ, ನೆಲಾನ ಡೊಂಕಿತ್ತು!"